ಕ್ಯಾಂಪ್‌ಬಾಸ್ ಶೆಟ್ರು ಕೋಚ್ ಆದದ್ದು

ಮೊನ್ನೆ ಬಹ್ರೇನಿನ ಸೀಫ್‌ನ ಮಾಲೊಂದರಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಅಳಿಯ ಫೋನು ನೋಡಿ ಒಂದು ಸುದ್ದಿ ಹೇಳಿದ. ಅಮೆರಿಕದ ಯಾವುದೋ ಕಾಲೇಜು ತನ್ನ ಬಾಸ್ಕೆಟ್‌ಬಾಲ್ ಕೋಚನ್ನು ಮನೆಗೆ ಕಳಿಸಿ ಹೊಸಬನನ್ನು ತಂದಿದೆಯಂತೆ. ಹೊಸಬನ ದೊಡ್ಡ ಗುಣವೆಂದರೆ ಆಟಗಾರರನ್ನು ಹುಡುಕಿ ತರುವುದರಲ್ಲಿ ಅವನು ಪಳಗಿದವನಂತೆ. ನನ್ನ ಚಹಾ ನೆತ್ತಿಗೆ ಹತ್ತಿತು. ಹೆಂಡತಿ ಬೆನ್ನು ತಟ್ಟಿದಳು. ಇದರಲ್ಲಿ ಕೆಮ್ಮುವಂಥದ್ದೇನಿದೆ ಎಂದು ಅಳಿಯನಿಗೆ ತಿಳಿಯಲಿಲ್ಲ. ನಿಮಗೂ ತಿಳಿಯಲಾರದು. ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬನ್ನಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಸ್ಕರ್ ಕಡೆಯ ಒಂದು ಕಟ್ಟಡ ಕಂಪನಿಯಲ್ಲಿ ನಾನು ಟೈಮ್‌ಕೀಪರ್. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆದಿಡುವ ಕೆಲಸ. ಹೆಣ್ಣು ನೋಡಲು ಹೋದಲ್ಲಿ ‘ಟೈಮ್ ಆಫೀಸರ್’ ಎಂದು ಹೇಳಿಕೊಂಡಿದ್ದೆ, ಆ ಮಾತು ಬೇರೆ. ಮದುವೆಯಾದ ಹನ್ನೆರಡನೆಯ ದಿನ ವಿಮಾನ ಹತ್ತಿದವನಿಗೆ ಹೆಂಡತಿಯ ಮುಖವೇ ಮರೆತುಹೋದೀತೆಂಬ ಹೆದರಿಕೆ. ಅವಳ ಫೋಟೊವನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಅವಳನ್ನು ಕರೆಸಿಕೊಳ್ಳಬೇಕಾದರೆ ಕಂಪನಿ ಒಂದು ಫ್ಯಾಮಿಲಿ ಫ್ಲ್ಯಾಟ್ ಕೊಡಬೇಕಿತ್ತು. ನಮ್ಮಂಥವರ ಪಾಲಿಗೆ ಇದ್ದದ್ದು ಕಾರ್ಮಿಕರ ಕ್ಯಾಂಪಿನ ಎರಡಂತಸ್ತಿನ ಮಂಚ, ಅದರಲ್ಲೂ ನನಗೆ ಸಿಕ್ಕಿದ್ದು ಮೇಲಿನದು.

ನಮ್ಮ ಮ್ಯಾನೇಜರ್ ಅಮೆರಿಕದವನು, ಬಾಸ್ಕೆಟ್‌ಬಾಲ್ ಹುಚ್ಚ. ಆ ವರ್ಷ ಕಂಪನಿಗಳ ಪಂದ್ಯಾಟ ಗೆದ್ದರೆ ಪೇಟೆಯ ಗುಫೂಲ್‌ನಲ್ಲಿ ಒಂದು ಫ್ಲ್ಯಾಟು, ಅದೂ ಕೋಚ್ ಹೇಳಿದವರಿಗೆ, ಎಂದು ಘೋಷಿಸಿಬಿಟ್ಟ. ಕೋಚ್ ಆಗಿದ್ದ ಲೋಬೊ ಕಾಲೇಜಿನಲ್ಲಿ ಆಡಿ ಬಂದವನು. ಅವನ ಅರ್ಜಿ ಕಾಗದಗಳನ್ನೆಲ್ಲ ಬರೆದುಕೊಡುತ್ತಿದ್ದವನು ನಾನು. “ಫ್ಲ್ಯಾಟ್ ನಿಂಗೇ ಮಾರಾಯ,” ಎಂದು ಮಾತು ಕೊಟ್ಟಿದ್ದ. ಪಂದ್ಯಕ್ಕೆ ಮೂರು ವಾರವಿದೆ ಎನ್ನುವಾಗ ಬೇರೊಂದು ಕಂಪನಿ ಅವನನ್ನು ಎಳೆದುಕೊಂಡಿತು. ಅವನು ಆಟಗಾರರನ್ನೂ ಕಟ್ಟಿಕೊಂಡು ಹೋದ. ಉಳಿದದ್ದು ಒಂದು ಚೆಂಡು ಮತ್ತು ನಾನು.

ಮೆಸ್ಸಿನಲ್ಲಿ ಸಭೆ ಸೇರಿತು. ಕೋಚ್ ಯಾರು ಎಂಬ ಚರ್ಚೆ ಎರಡು ಸುತ್ತು ಚಹಾದವರೆಗೆ ನಡೆದ ಮೇಲೆ ಹಿರಿಯ ಮೇಸ್ತ್ರಿಯೊಬ್ಬರು ಎದ್ದು ನಿಂತರು. “ಆಟ ಗೊತ್ತಿದ್ದವ ಎಂತಕ್ಕೆ? ಜನ ತರ್ಲಿಕ್ಕೆ ಗೊತ್ತಿದ್ದವ ಬೇಕು. ನಮ್ಮನ್ನೆಲ್ಲ ಇಲ್ಲಿಗೆ ತಂದದ್ದು ಯಾರು?”

ಎಲ್ಲರೂ ಕ್ಯಾಂಪಿನ ಊಟ-ವಸತಿ ನೋಡಿಕೊಳ್ಳುವ ಕ್ಯಾಂಪ್‌ಬಾಸ್ ಶೆಟ್ರ ಕಡೆ ತಿರುಗಿದರು. ಶೆಟ್ರು ವರ್ಷಕ್ಕೊಮ್ಮೆ ಊರಿಗೆ ಹೋಗಿ, ಮಂಗಳೂರಿನ ಲಾಡ್ಜೊಂದರಲ್ಲಿ ಕೂತು, ಗಾರೆಯವರನ್ನೂ ಬಡಗಿಗಳನ್ನೂ ಆರಿಸಿ ತರುತ್ತಿದ್ದವರು. ಸರ್ಟಿಫಿಕೇಟ್ ಮುಟ್ಟುತ್ತಿರಲಿಲ್ಲ, ಅಂಗೈ ನೋಡಿ ಆರಿಸುತ್ತಿದ್ದರು. ಬಾಸ್ಕೆಟ್‌ಬಾಲ್ ಮಾತ್ರ ಜನ್ಮದಲ್ಲಿ ನೋಡಿದವರಲ್ಲ.

“ಎಷ್ಟು ಜನ ಬೇಕು, ಟೈಮ್‌ಕೀಪರ್ರೆ?”

“ಐದು.”

“ಕೆಲಸ ಎಂತ?”

“ಚೆಂಡನ್ನು ಮೇಲಿನ ಬಳೆಗೆ ಹಾಕುದು.”

“ಓವರ್‌ಟೈಮ್ ಉಂಟಾ?”

“ಸ್ಕೋರು ಸಮ ಆದ್ರೆ ಉಂಟು.”

“ಹಾಗಾದ್ರೆ ಜನ ಸಿಗ್ತಾರೆ,” ಎಂದರು ಶೆಟ್ರು.

ಮರುದಿನ ಶುಕ್ರವಾರ. ಊಟದ ಹೊತ್ತಿಗೆ ಶೆಟ್ರು ಮೆಸ್ಸಿನ ಬಾಗಿಲಲ್ಲಿ ನಿಂತರು. ತಲೆ ತಗ್ಗಿಸಿ ಒಳಗೆ ಬಂದವರನ್ನೆಲ್ಲ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ಹಣೆಯಲ್ಲಿ ಬುಗುಟು ಎದ್ದವರಿದ್ದರೆ ವಿಶೇಷ ಪ್ರೀತಿ, ಏಕೆಂದರೆ ಬಾಗಿಲೇ ಅವರ ಎತ್ತರಕ್ಕೆ ಸಾಕ್ಷಿ. ಆಮೇಲೆ ಉಗ್ರಾಣದಲ್ಲಿ ಪರೀಕ್ಷೆ. ಸ್ಟೂಲಿಲ್ಲದೆ ತುಪ್ಪದ ಡಬ್ಬಿಯನ್ನು ಮೇಲಿನ ಹಲಗೆಯ ಮೇಲಿಡಬೇಕು. ಐದು ಜನ ಪಾಸಾದರು. ಒಬ್ಬ ವೆಲ್ಡರ್, ಇಬ್ಬರು ಗಾರೆಯವರು, ಒಬ್ಬ ಅಡುಗೆಯ ಸಹಾಯಕ, ಮತ್ತೆ ಎಲ್ಲರಿಗಿಂತ ಎತ್ತರದ ಬಡಗಿ ಸುಂದರ. ನಾನೂ ಪ್ರಯತ್ನಿಸಿದೆ. ತುಪ್ಪ ಒರೆಸಲು ಅರ್ಧ ಗಂಟೆ ಹಿಡಿಯಿತು.

ಚೆಂಡು ಕುಟ್ಟುತ್ತ ಓಡುವುದನ್ನು ನಾನು ತೋರಿಸಿಕೊಟ್ಟೆ. ಐವರೂ ಚೆಂಡು ಒಂದು ಕಡೆ ತಾವೊಂದು ಕಡೆ ಓಡಿದರು. ಶೆಟ್ರಿಗೆ ರೇಗಿತು. “ಓಡುದು ಎಂತಕ್ಕೆ ಮಾರಾಯ್ರೆ? ಸ್ಲ್ಯಾಬ್ ಹಾಕುವಾಗ ಕಾಂಕ್ರೀಟ್ ಬಾಂಡ್ಲಿ ಹಿಡ್ಕೊಂಡು ಓಡ್ತೀರಾ?” ಎಂದವರೇ ಐವರನ್ನೂ ಅಂಗಳದ ಆ ತುದಿಯಿಂದ ಈ ತುದಿಗೆ ಸಾಲಾಗಿ ನಿಲ್ಲಿಸಿದರು. ಚೆಂಡು ಕೈಯಿಂದ ಕೈಗೆ ತಲೆಯ ಮೇಲಿಂದಲೇ ಹೋಗಿ ಸುಂದರನನ್ನು ಮುಟ್ಟುತ್ತಿತ್ತು. ಸುಂದರ ತುಪ್ಪದ ಡಬ್ಬಿ ಇಟ್ಟಷ್ಟೇ ಜೋಪಾನವಾಗಿ ಅದನ್ನು ಬಳೆಯೊಳಗೆ ಇಡುತ್ತಿದ್ದ. ಮೊದಲ ಪಂದ್ಯದಲ್ಲಿ ರೆಫ್ರಿ ನಿಯಮದ ಪುಸ್ತಕ ತರಿಸಿ ನೋಡಿದ. ಓಡದಿರುವುದು ತಪ್ಪೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹೀಗೆ, ಬೆವರೂ ಬಾರದೆ, ನಾವು ಫೈನಲ್ ತಲುಪಿದೆವು.

ಫೈನಲಿನಲ್ಲಿ ಎದುರು ಲೋಬೊನ ತಂಡ. ಅವನು ನಮ್ಮ ಹಿಂದಿನ ಪಂದ್ಯಗಳನ್ನು ನೋಡಿ ಗುಟ್ಟು ತಿಳಿದುಕೊಂಡಿದ್ದ. ಸಾಲಿನ ನಡುನಡುವೆ ತನ್ನವರನ್ನು ನಿಲ್ಲಿಸಿಬಿಟ್ಟ. ಕೊನೆಯ ನಿಮಿಷಕ್ಕೆ ನಾವು ಒಂದು ಪಾಯಿಂಟ್ ಹಿಂದೆ, ಚೆಂಡು ವೆಲ್ಡರನ ಕೈಯಲ್ಲಿ, ದಾರಿಯೆಲ್ಲ ಬಂದ್. ನಾನು ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ. ಆಗ ಶೆಟ್ರು ಬೆಂಚಿನ ಮೇಲೆ ಹತ್ತಿ, ಸೈಟಿನ ಗಂಟಲಲ್ಲಿ ತುಳುವಿನಲ್ಲಿ ಕೂಗಿದರು: “ಗಾಡಿ ಬತ್ತ್ಂಡ್!”

ಕಾಂಕ್ರೀಟಿನ ಗಾಡಿ ಬಂತೆಂದರೆ ಸೈಟಿನಲ್ಲಿ ಯಾರೂ ದಾರಿಯಲ್ಲಿ ನಿಲ್ಲುವಂತಿಲ್ಲ. ಲೋಬೊನ ಹೊಸ ಕಂಪನಿಯಲ್ಲೂ ಇದ್ದದ್ದು ನಮ್ಮ ಕರಾವಳಿಯ ಮಕ್ಕಳೇ ತಾನೆ? ಮೂವರು ಚಟ್ಟನೆ ಬದಿಗೆ ಸರಿದು ಗೇಟಿನ ಕಡೆ ನೋಡಿದರು. ಅವರು ಮತ್ತೆ ಈ ಕಡೆ ತಿರುಗುವುದರೊಳಗೆ ಸುಂದರ ಚೆಂಡನ್ನು ಬಳೆಯೊಳಗೆ ಇಟ್ಟಾಗಿತ್ತು. ಲೋಬೊ ಕೊಂಕಣಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾರೆ.

ಮ್ಯಾನೇಜರ್ ಫ್ಲ್ಯಾಟಿನ ಕಾಗದ ಕಳಿಸಿದ. ಹೆಸರಿನ ಜಾಗ ಖಾಲಿ. ಶೆಟ್ರಿಗೆ ಇಂಗ್ಲಿಷ್ ಬರೆಯಲು ಬಾರದು, ಪೆನ್ನು ನನ್ನ ಕೈಯಲ್ಲಿ.

“ಯಾರ ಹೆಸರು ಬರೀಲಿ ಶೆಟ್ರೆ?”

“ನಿಮ್ದೇ ಬರೀರಿ. ಹೊಸ ಮದುವೆ.”

“ನಿಮ್ಮ ಮನೆಯವರು?”

“ಅವಳಿಗೆ ಈ ಸೆಕೆ ಆಗುದಿಲ್ಲ.”

ಇನ್ನೊಮ್ಮೆ ಕೇಳಬೇಕಿತ್ತು. ಕೇಳಲಿಲ್ಲ. ನನಗೆ ಅನುಕೂಲವಾದ ಮಾತನ್ನು ನಾನು ಬೇಗ ನಂಬುತ್ತೇನೆ.

ಎರಡು ವರ್ಷದ ಮೇಲೆ ರಜೆಯಲ್ಲಿ ಹೋದಾಗ ಶೆಟ್ರ ಮನೆಗೊಂದು ಪೊಟ್ಟಣ ಮುಟ್ಟಿಸಬೇಕಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಅವರ ಹೆಂಡತಿ ಅಂಗಳದಲ್ಲಿ ದೊಡ್ಡ ಹಂಡೆಯ ಮುಂದೆ ನಿಂತು ಭತ್ತ ಬೇಯಿಸುತ್ತಿದ್ದರು. ಬೆಂಕಿಯ ಝಳಕ್ಕೆ ನನಗೆ ಹತ್ತಿರ ಹೋಗಲಾಗಲಿಲ್ಲ. ಬಹ್ರೇನಿನ ಸೆಕೆ ನಿಮಗೆ ಆಗುವುದಿಲ್ಲವಂತೆ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. “ನಂಗೆ ಸೆಕೆಯಾ?” ಎಂದು ಒಳಗೆ ಹೋಗಿ ಪಾಸ್‌ಪೋರ್ಟ್ ತಂದು ಕೊಟ್ಟರು. “ಚೆಂಡಾಟ ಗೆದ್ರೆ ಮನೆ ಸಿಗ್ತದೆ, ಪಾಸ್‌ಪೋರ್ಟ್ ಮಾಡ್ಸು ಅಂತ ಬರೆದಿದ್ರು. ಕಡೆಗೆ ಸೋತ್ರಂತೆ, ಅಲ್ವಾ?” ನಾನು ವೀಸಾ ಪುಟಗಳನ್ನು ತಿರುಗಿಸಿದೆ. ಎಲ್ಲ ಖಾಲಿ. “ಹೌದು, ಸೋತೆವು,” ಎಂದೆ. ಅವರು ಕೊಟ್ಟ ನೀರು ಬೆಲ್ಲ ಮುಗಿಸಿ ಎದ್ದು ಬಂದೆ. ಶೆಟ್ರು ಕ್ಯಾಂಪಿನಲ್ಲೇ ನಿವೃತ್ತಿಯ ದಿನದವರೆಗೆ ಇದ್ದರು. ಆಕೆ ಬರಲೇ ಇಲ್ಲ.

ಇಷ್ಟನ್ನೂ ಮೊನ್ನೆ ಮಾಲಿನಲ್ಲಿ ಹೇಳಿದೆ. ತುಪ್ಪದ ಡಬ್ಬಿಯ ಕತೆಯನ್ನು ನಾನು ನೂರು ಸಲ ಹೇಳಿದ್ದುಂಟು. ಭತ್ತದ ಹಂಡೆಯ ತನಕ ಹೋದದ್ದು ಇದೇ ಮೊದಲು. ಅಳಿಯ ನಗು ನಿಲ್ಲಿಸಿ ಫೋನು ಕೆಳಗಿಟ್ಟ. ಗುಫೂಲ್‌ನ ಆ ಫ್ಲ್ಯಾಟಿನಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದ, ಅಲ್ಲೇ ಮಗಳನ್ನು ಹೆತ್ತು ಬೆಳೆಸಿದ ನನ್ನ ಹೆಂಡತಿ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು.

“ಅವರ ಹೆಸರೆಂತ?” ಎಂದಳು ಆಮೇಲೆ.

“ಶೆಟ್ರ ಹೆಂಡತಿ,” ಎಂದೆ.

“ಹೆಸರು ಕೇಳಿದ್ದು. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇತ್ತಲ್ವಾ?”

ಇತ್ತು. ಮೊದಲ ಪುಟವನ್ನು ನಾನು ನೋಡಿರಲಿಲ್ಲ.