ಮುರಿದಿಟ್ಟ ಅರ್ಧ ಮುದ್ದೆ

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ತೂಗುವ ಎರ್ರಿಸ್ವಾಮಿ ತಿಂಗಳಿಗೊಮ್ಮೆ ಮೂಟೆ ಇಳಿಸಿ ತಾನೇ ಕಾಟಾ ಏರಿ ನಿಲ್ಲುವ ಆಸಾಮಿ. "ಖರ್ಚಾಗೋದಕ್ಕಿಂತ ಚೂರು ಕಡಿಮೆ ತಿನ್ನಿ, ಉಪವಾಸ ಬೇಡ, ತೂಕ ನಿಧಾನವಾಗಿ ಇಳೀಲಿ" ಎಂದ ಡಾಕ್ಟರ ಮಾತೇ ಅವನಿಗೆ ಮಂತ್ರ. ಮದುವೆಮನೆಯಲ್ಲಿ ಹೋಳಿಗೆ ಬಡಿಸಲು ಬಂದವರನ್ನೂ ನಿಲ್ಲಿಸಿಕೊಂಡು ಕ್ಯಾಲೊರಿಯ ಪಾಠ ಹೇಳುತ್ತಾನೆ. ಮನೆಯಲ್ಲಿ ಉಣ್ಣುವ ಮೊದಲೇ ಮುದ್ದೆಯನ್ನು ಅರ್ಧ ಮುರಿದು, ತೀರಿಕೊಂಡ ಅವ್ವನ ತಟ್ಟೆಗೆ ಹಾಕಿ, ಅವಳ ಮಂಚದ ಬಳಿ ಇಡುತ್ತಾನೆ. ಗಂಡನ ಹೊಟ್ಟೆ ಕರಗುತ್ತಿರುವುದು ರಾಧಮ್ಮನಿಗೆ ಸಂತೋಷವೇ. ಆದರೆ ಆ ತಟ್ಟೆ ದಿನವೂ ಬರಿದಾಗುತ್ತದೆ. ಬೆಕ್ಕಿರಬೇಕೆಂದು ಬಾಗಿಲು ಹಾಕಿ, ಕಿಟಕಿ ಮುಚ್ಚಿ ನೋಡಿದಳು, ಆಗಲೂ ಬರಿದಾಯಿತು. ಮಟಮಟ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಮಂಚದ ಹಗ್ಗ ಕಿರುಗುಟ್ಟುತ್ತದೆ. ಯಾರೂ ಮಲಗದ ಆ ಮಂಚ, ಕಾಟಾದ ಮೇಲೆ ಗಂಡನ ತೂಕ ಇಳಿದಷ್ಟೂ, ನಡುವೆ ಜಗ್ಗುತ್ತಿದೆ. ನಿನ್ನೆ ಅವಳು ಹಗ್ಗ ಬಿಗಿಯಲು ಕೂತಾಗ ಎರ್ರಿಸ್ವಾಮಿ ಮೆಲ್ಲಗೆ ಅವಳ ಕೈ ಹಿಡಿದ. "ಹಂಗೇ ಇರ್ಲಿ ಬಿಡೇ. ನಾ ಚಿಕ್ಕೋನಿದ್ದಾಗ ಹಸಿವಿಲ್ಲ ಅಂತ ತನ್ನ ಮುದ್ದೇನೂ ನಂಗೇ ಹಾಕಿ ಹಾಕಿ, ಕಡ್ಡಿಯಾಗಿ ಸತ್ಲು ಅವ್ವ. ಈಗೀಗ ಮೈ ತುಂಬ್ಕೊಂತಾ ಅವ್ಳೆ."