ದೊರೆಸಾನಿಯ ಹೊಳೆ ಸವಾರಿ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಇದೆ. ನಮ್ಮೂರಿನವರು ದಾಟುವ ಮೊದಲೇ ಆ ಹಂಗು ಹರಿದುಕೊಂಡರು. ಅರ್ಕಾವತಿಗೆ ಸೇತುವೆ ಆದದ್ದೇ ತಡ, ಕಡವಿನಲ್ಲಿ ಚನ್ನಯ್ಯನ ಹರಿಗೋಲು ಬೋರಲು ಬಿದ್ದುಕೊಂಡಿತು. ಒಂದು ಕಾಲಕ್ಕೆ ಕುರಿಮಂದೆಯೂ ಮದುವೆ ದಿಬ್ಬಣವೂ ಅವನಿಗಾಗಿ ದಡದಲ್ಲಿ ಕಾಯುತ್ತಿದ್ದವು. ಈಗ ಎಲ್ಲರೂ ಟೆಂಪೋದಲ್ಲಿ ಕೂತು ಅವನ ತಲೆಯ ಮೇಲಿನಿಂದಲೇ ಹೋಗುತ್ತಿದ್ದರು.

ಎರಡು ಸಾವಿರದ ಐದಾರನೇ ಇಸವಿಯ ಮಾತು ಇದು. ಹೊಳೆಯ ಮೇಲ್ಗಡೆ ಕಾರ್ಖಾನೆಗಳು ನಾಯಿಕೊಡೆಗಳಂತೆ ಎದ್ದಿದ್ದವು. ಊರಿನ ಅರ್ಧ ಜನ ಅಲ್ಲಿ ಗೇಟು ಕಾಯುತ್ತಿದ್ದರು, ಇಲ್ಲವೇ ಕಸ ಗುಡಿಸುತ್ತಿದ್ದರು. ಚನ್ನಯ್ಯನಿಗೂ ಒಂದು ಪೊರಕೆ ಕಾದಿತ್ತು.

“ದಸ್ರ ಕಳೀಲಿ ಅಂತ ಸುಮ್ಕಿವ್ನಿ. ಆಮ್ಯಾಕೆ ನೀನು ಪ್ಯಾಕ್ಟ್ರಿಗೆ ಹೋಗ್ಲೇಬೇಕು” ಎಂದು ಹೆಂಡತಿ ಪುಟ್ಟಗೌರಮ್ಮ ಗಡುವು ಕೊಟ್ಟಿದ್ದಳು.

“ನೀರ್ ಬುಟ್ರೆ ನಂಗೇನ್ ಗೊತ್ತಮ್ಮಿ?” ಎನ್ನುತ್ತಿದ್ದ ಚನ್ನಯ್ಯ. ಅವನಿಗೆ ನಿಜಕ್ಕೂ ಭಯವಾಗಿತ್ತು. ಹರಿಗೋಲು ಇಲ್ಲದಿದ್ದರೆ ತಾನು ಯಾರೂ ಅಲ್ಲ ಎಂಬ ಭಯ. ಊರಿನಲ್ಲಿ ಅದನ್ನು ಸೋಮಾರಿತನ ಎಂದು ಕರೆದರು.

ಅಂಥ ಹೊತ್ತಿನಲ್ಲಿ ಶ್ರೀನಿವಾಸ ಬಂದ. ನಮ್ಮೂರಿನವನೇ. ರಾಮನಗರದ ಬಂಡೆ ಹತ್ತಲು ಬರುವ ಪರದೇಶದವರಿಗೆ ದಾರಿ ತೋರಿಸುತ್ತಿದ್ದ. ಅವನ ಜೊತೆಗೆ ನರೆತ ಕೂದಲಿನ ಒಬ್ಬ ಬಿಳಿ ಹೆಂಗಸು, ಹೆಸರು ಡೋರಿಸ್. ನಮ್ಮೂರಿಗೆ ಆ ಹೆಸರು ಬೇಕಿರಲಿಲ್ಲ. ದೊರೆಸಾನಿ ಎಂದು ಕರೆದು ಮುಗಿಸಿತು. ಪ್ರತಿ ಚಳಿಗಾಲ ತನ್ನ ಸ್ನೇಹಿತರನ್ನು ಕರೆತಂದು, ಬಂಡೆ ಬೆಟ್ಟ ನೋಡುತ್ತ ಹರಿಗೋಲಿನಲ್ಲಿ ಕೆಳಗಿನ ಕಲ್ಲುಮಂಟಪದವರೆಗೆ ತೇಲಿ ಹೋಗಬೇಕು ಎಂಬುದು ಅವಳ ಆಸೆ. ಮೊದಲು ತಾನೊಬ್ಬಳೇ ಹೋಗಿ ನೋಡಬೇಕು, ಸರಿ ಅನ್ನಿಸಿದರೆ ಎಲ್ಲರಿಗೂ ಹೇಳುತ್ತಾಳೆ.

ಅವಳ ಅದೃಷ್ಟವೋ ಚನ್ನಯ್ಯನ ಗ್ರಹಚಾರವೋ, ಹಿಂದಿನ ದಿನ ಭಾರಿ ಮಳೆ ಹುಯ್ದು, ಕಾರ್ಖಾನೆಗಳು ಹೊಳೆಗೆ ಬಿಡುವ ಕೊಳೆ ನೊರೆಯೆಲ್ಲ ಕೊಚ್ಚಿಹೋಗಿತ್ತು. ಕೆಂಪು ನೀರು ತುಂಬಿ ಹರಿಯುತ್ತಿತ್ತು. ದೊರೆಸಾನಿ ಕಣ್ಣರಳಿಸಿ ನೋಡಿದಳು.

ಮರಳಿನ ಮೇಲೆ ಕಡ್ಡಿಯಿಂದ ಗೀಚಿ ಚನ್ನಯ್ಯ ದಾರಿ ತೋರಿಸಿದ. ಇಲ್ಲಿ ನೆರಳು, ಇಲ್ಲಿ ಎಳನೀರು, ಇಲ್ಲಿ ಸುಳಿ, ಬಲಕ್ಕೆ ಸರಿಯಬೇಕು. ಸುಡುಗಾಡಿನ ಮುಂದೆ ಮಾತ್ರ ಒಸಿ ಬೇಗ ಹುಟ್ಟು ಹಾಕುವುದು. ದೊರೆಸಾನಿಯ ಪ್ರಶ್ನೆಗಳು ಮುಗಿಯಲೊಲ್ಲವು.

“ಮೊಸ್ಳೆ ಐತಾ ಅಂತ ಕೇಳ್ತಾವ್ರೆ, ಅಣ್ಣ” ಎಂದ ಶ್ರೀನಿವಾಸ.

“ಇಲ್ಲ ಅನ್ನು, ಸೀನ.” ಈ ನೀರಿನಲ್ಲಿ ಮೊಸಳೆಯೂ ಬದುಕುವುದಿಲ್ಲ ಎಂಬುದನ್ನು ಚನ್ನಯ್ಯ ನುಂಗಿಕೊಂಡ.

“ಬಯಲಿಗೆ ಹೋಗ್ಬೇಕಂದ್ರೆ?”

ಚನ್ನಯ್ಯ ಕೈ ಚಾಚಿ ಇಡೀ ಕನಕಪುರ ತಾಲ್ಲೂಕನ್ನು ತೋರಿಸಿದ. ದೊರೆಸಾನಿ ಬಿದ್ದು ಬಿದ್ದು ನಕ್ಕಳು.

ಉಳಿದದ್ದು ದಿನ ಗೊತ್ತು ಮಾಡುವುದು. ಕಾವೇರಿ ಗಲಾಟೆಗೆ ಬಂದ್ ಆದಾಗಲೆಲ್ಲ ಕಾರ್ಖಾನೆ ಮುಚ್ಚಿ, ಮಾರನೆಯ ದಿನ ಹೊಳೆ ತಿಳಿಯಾಗುತ್ತಿದ್ದುದನ್ನು ಚನ್ನಯ್ಯ ನೋಡಿದ್ದ. ಆಯುಧಪೂಜೆಗೂ ರಜೆಯೇ. ಹಾಗಾಗಿ ವಿಜಯದಶಮಿಯ ಬೆಳಗ್ಗೆ ಬರಲು ಹೇಳಿದ. ಚಳಿಗಾಲದಲ್ಲಿ ಕಾರ್ಖಾನೆಗೆ ರಜೆ ಇಲ್ಲವಲ್ಲ, ಆಗಿನ ಕಥೆ ಏನು ಎಂದು ನಾನು ಕೇಳಿದ್ದಕ್ಕೆ ನನ್ನ ಮೇಲೆಯೇ ರೇಗಿದ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ, ಅದರ ಉದ್ದ ಅಳೆಯುವ ಪುರಸೊತ್ತು ಅವನಿಗಿರಲಿಲ್ಲ.

ಹರಿಗೋಲಿಗೆ ಹೊಸ ಡಾಂಬರು ಬಳಿದ. ಆಯುಧಪೂಜೆಯ ದಿನ ಹರಿಗೋಲನ್ನೂ ಹುಟ್ಟನ್ನೂ ಉಜ್ಜಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದ. ಅಷ್ಟು ಸಂತೋಷವಾಗಿದ್ದ ಚನ್ನಯ್ಯನನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

ವಿಜಯದಶಮಿಯ ಬೆಳಗ್ಗೆ ಹೊಳೆ ಕರ್ರಗೆ ಬಂತು. ಅದರ ಮೇಲೆ ಮೊಣಕಾಲೆತ್ತರದ ನೊರೆ, ನೊರೆಯ ಮೇಲೆ ಚೆಂಡುಹೂವು, ಕುಂಕುಮ ಮೆತ್ತಿದ ಕುಂಬಳದ ಹೋಳುಗಳು. ನಾತಕ್ಕೆ ನಾಯಿಗಳೂ ದಡ ಬಿಟ್ಟವು.

“ರಜ ಅಲ್ವಾ ಅವ್ರಿಗೆ? ರಜ ಅಲ್ವಾ?” ಎಂದು ಚನ್ನಯ್ಯ ಕಂಡಕಂಡವರನ್ನು ಕೇಳಿದ.

ಪುಟ್ಟಗೌರಮ್ಮನೇ ಹೇಳಿದಳು: “ಪೂಜೆಗೆ ಮುಂಚೆ ನೀನು ಹರಿಗೋಲು ತೊಳೀಲಿಲ್ವಾ? ಹಂಗೇ ಅವ್ರೂ ಮಿಸನ್ನು, ತೊಟ್ಟಿ ಎಲ್ಲಾನೂ ತೊಳ್ದು ಹೊಳೆಗೆ ಬುಟ್ಟವ್ರೆ.”

ಹಬ್ಬದ ಲೆಕ್ಕದಲ್ಲಿ ರಜೆ ನೆನಪಿದ್ದವನಿಗೆ ತೊಳೆಯುವುದು ನೆನಪಾಗಿರಲಿಲ್ಲ. ಚನ್ನಯ್ಯ ಸೊಂಟದವರೆಗೆ ಹೊಳೆಗಿಳಿದು, ಬಿದಿರಿನ ಮಂಕರಿಯಲ್ಲಿ ನೊರೆ ಮೊಗೆದು ದಡಕ್ಕೆ ಚೆಲ್ಲತೊಡಗಿದ. ಒಂದು ಮಂಕರಿ ಚೆಲ್ಲುವಷ್ಟರಲ್ಲಿ ಹತ್ತು ಮಂಕರಿ ಬರುತ್ತಿತ್ತು. ನೋಡಲಾಗದೆ ನಾನು ಮುಖ ತಿರುಗಿಸಿದೆ. ಜೀಪು ಬಂದು ನಿಂತದ್ದು ಅವನಿಗೆ ಗೊತ್ತೇ ಆಗಲಿಲ್ಲ.

ದೊರೆಸಾನಿ ಟೋಪಿ ಹಾಕಿಕೊಂಡು, ದುರ್ಬೀನು ನೇತುಹಾಕಿಕೊಂಡು ಇಳಿದಳು. ಹೊಳೆಯನ್ನು ನೋಡಿದಳು, ಅವನನ್ನು ನೋಡಿದಳು, ಶ್ರೀನಿವಾಸನ ಕಿವಿಯಲ್ಲಿ ಏನೋ ಕೇಳಿದಳು.

“ಇದೇನಣ್ಣ, ನೀರು ಹಿಂಗೈತೆ? ಹೋಗ್ಬೌದಾ ಅಂತವ್ರೆ.”

“ಪೂಜೆ ನೀರು ಅನ್ನು ಸೀನ! ಅರಿಸ್ನ ಕುಂಕ್ಮ ತೊಳ್ದಿರೋದು. ಏನೂ ಆಗಾಕಿಲ್ಲ ಅನ್ನು!” ಚನ್ನಯ್ಯನ ದನಿ ಒಡೆದಿತ್ತು.

ಹರಿಗೋಲು ನೂಕುವ ಮುಂಚೆ ಅಂಬಿಗ ಒಂದು ಬೊಗಸೆ ನೀರು ಕುಡಿಯಬೇಕು. ಅದು ಗಂಗಮ್ಮನ ಅಪ್ಪಣೆ ಪಡೆಯುವ ರೀತಿ. ಹತ್ತುವವರೂ ಒಂದು ಗುಟುಕು ಕುಡಿಯುತ್ತಿದ್ದರು. ಕಾರ್ಖಾನೆ ಬಂದ ಮೇಲೆ ಚನ್ನಯ್ಯ ಬೊಗಸೆಯನ್ನು ಬರೀ ಹಣೆಗೆ ಮುಟ್ಟಿಸಿ ಚೆಲ್ಲುತ್ತಿದ್ದ. ಅಂದು ಮಾತ್ರ ನೊರೆ ಸರಿಸಿ, ಕರೀ ನೀರನ್ನು ಬೊಗಸೆ ತುಂಬ ಎತ್ತಿ, ದೊರೆಸಾನಿಯ ಮುಖ ನೋಡುತ್ತ ಗಟಗಟ ಕುಡಿದುಬಿಟ್ಟ. ಕುಡಿದು ನಕ್ಕ.

ಶ್ರೀನಿವಾಸ ಪದ್ಧತಿಯನ್ನು ವಿವರಿಸಿದ. ದೊರೆಸಾನಿ ಟೋಪಿ ತೆಗೆದಿಟ್ಟು, ನೀರಿನ ಅಂಚಿನಲ್ಲಿ ಮಂಡಿಯೂರಿ, ಅವನು ಮಾಡಿದಂತೆಯೇ ನೊರೆ ಸರಿಸಿ ಬೊಗಸೆ ತುಂಬಿಕೊಂಡಳು. ಚನ್ನಯ್ಯನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಬೊಗಸೆ ತುಟಿಯ ಹತ್ತಿರ ಹೋಯಿತು.

“ಬ್ಯಾಡ ಕಣವ್ವಾ!” ಎಂದು ಕೂಗಿ ಚನ್ನಯ್ಯ ಅವಳ ಕೈಗೆ ಫಟಾರನೆ ಹೊಡೆದ.

ನೀರು ಅವಳ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತು.

“ಹೆಂಗಸ್ರ ಮೇಲೆ ಕೈ ಮಾಡ್ತೀಯಲ್ಲಣ್ಣ!” ಎಂದು ಶ್ರೀನಿವಾಸ ಅರಚಿದ.

“ವಿಸ ಅದು ಸೀನ. ನಾನು ಸುಳ್ ಹೇಳ್ದೆ ಅಂತ ಹೇಳು. ಕರ್ಕೊಂಡೋಗು ಇವ್ರನ್ನ. ಈ ಹೊಳೆಗೆ ಯಾರ್ನೂ ಕರ್ಕಬರ್ಬ್ಯಾಡ.”

ದೊರೆಸಾನಿ ಬೈಯಲಿಲ್ಲ. ಅವನ ಭುಜ ಮುಟ್ಟಿ ಏನೋ ಹೇಳಿದಳು, ಅದನ್ನು ಕನ್ನಡಕ್ಕೆ ತಿರುಗಿಸದೆಯೇ ಶ್ರೀನಿವಾಸ ಅವಳನ್ನು ಜೀಪಿಗೆ ಹತ್ತಿಸಿದ. ಜೀಪು ಹೋಯಿತು.

ಅಷ್ಟರಲ್ಲಿ ಪುಟ್ಟಗೌರಮ್ಮ ಒಂದು ಚೊಂಬು ಉಪ್ಪುನೀರು ಹಿಡಿದು ಓಡಿಬಂದಳು. ಗಂಡನ ಕತ್ತು ಹಿಡಿದು ಬಾಯಿಗೆ ಸುರಿದಳು. ಅವನು ಮರಳಿನ ಮೇಲೆ ಕೈಯೂರಿ ಕಕ್ಕಿದ. ಕಪ್ಪಗೆ ಬಂತು.

“ಗಂಗಮ್ಮನ್ನ ಕಕ್ಕುಸ್ತಿಯಲ್ಲಮ್ಮಿ” ಎಂದು ಚನ್ನಯ್ಯ ಬಿಕ್ಕಳಿಸಿ ಅತ್ತ.

“ಇನ್ನೂ ಐತೆ, ಕಕ್ಕು” ಎಂದು ಅವಳು ಚೊಂಬನ್ನು ಮತ್ತೆ ಅವನ ಬಾಯಿಗಿಟ್ಟಳು.