ಸಾಲದೆ ಹೋದ ಅಂಚೆಚೀಟಿ

ಅಕ್ಕ ನನ್ನ ನಂಬರನ್ನು ಬ್ಲಾಕ್ ಮಾಡಿ ಮೂರು ತಿಂಗಳಾಗಿತ್ತು. ಅಮ್ಮನ ವರ್ಷದ ತಿಥಿಯ ದಿನ, ಊಟಕ್ಕೆ ಕೂತಿದ್ದ ನೆಂಟರೆಲ್ಲರ ಮುಂದೆ, "ಅಮ್ಮ ಹಾಸಿಗೆ ಹಿಡಿದಾಗ ನೀನೆಲ್ಲಿದ್ದೆ?" ಎಂದು ಕೇಳಿಬಿಟ್ಟಿದ್ದೆ. ಅವಳು ಅರ್ಧ ಊಟಕ್ಕೇ ಎದ್ದು ಹೊಸಕೋಟೆಯ ಬಸ್ಸು ಹತ್ತಿದಳು. ಅಮ್ಮ ಮಲಗಿದ್ದ ಆ ದಿನಗಳಲ್ಲಿ ಅವಳಿಗೇ ಹೊಟ್ಟೆಯ ಆಪರೇಷನ್ ಆಗಿತ್ತು, ಅಮ್ಮ ಗಾಬರಿಯಾದಾಳೆಂದು ನಮಗ್ಯಾರಿಗೂ ಹೇಳಿರಲಿಲ್ಲ. ಅದನ್ನು ಆಮೇಲೆ ಭಾವ ಹೇಳಿದರು.

ಕಾಗದ ಬರೆದೆ. ನಾಲ್ಕು ಹಾಳೆ. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ನಾನು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಕಾಲದ ಅಂಚೆಚೀಟಿಗಳು ಉಳಿದಿದ್ದವು. ಆಗ ಎಷ್ಟು ಹಚ್ಚುತ್ತಿದ್ದೆನೋ ಅಷ್ಟೇ ಹಚ್ಚಿ, ನಮ್ಮ ಸಣ್ಣ ಊರು ವಿಜಯಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಚೆ ಡಬ್ಬಕ್ಕೆ ಹಾಕಿ, ಪಕ್ಕದ ಅಂಗಡಿಯಲ್ಲಿ ದಾರ ಕೇಳಿದೆ.

"ಕಾಗದ ಹಾಕಿದ್ರೇನಮ್ಮಾ?" ಎಂದರು ಅಂಗಡಿಯ ಭಾಯಿ. "ಸ್ಟಾಂಪಿನ ರೇಟ್ ಜಾಸ್ತಿ ಆಯ್ತಲ್ಲ, ನೋಡ್ಕೊಂಡ್ರಾ?"

"ಇಲ್ವಲ್ಲ. ಕಮ್ಮಿ ಬಿದ್ರೆ ಏನ್ಮಾಡ್ತಾರೆ?"

"ತಗೊಳ್ಳೋರ ಹತ್ರ ಡಬಲ್ ವಸೂಲಿ. ಅವ್ರು ಬೇಡ ಅಂದ್ರೆ ವಾಪಸ್."

ಅಕ್ಕ ಬಾಗಿಲಲ್ಲಿ ನಿಂತು, ನನ್ನ ಅಕ್ಷರ ನೋಡಿ, ದುಡ್ಡು ಕೇಳುವ ಪೋಸ್ಟ್‌ಮ್ಯಾನಿಗೆ "ತಗೊಂಡ್ಹೋಗಿ" ಎನ್ನುವುದು ಕಣ್ಣಿಗೆ ಕಟ್ಟಿತು. ತಪ್ಪು ಮಾಡಿದವಳು ನಾನು, ದಂಡ ಕಟ್ಟುವವಳು ಅವಳೇ?

ದಾರವನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಡಬ್ಬದ ಬಾಯಿಗೆ ಕೈ ಹಾಕಿದರೆ ಬಳೆ ಸಿಕ್ಕಿಕೊಂಡಿತು. ಮನೆಗೆ ಓಡಿ ಉಳಿದ ಚೀಟಿಗಳನ್ನೆಲ್ಲ ತಂದೆ. ಡಬ್ಬ ತೆಗೆಯುವುದು ಮೂರು ಗಂಟೆಗೆ. ಕೂರಲೂ ಆಗದೆ ನಿಲ್ಲಲೂ ಆಗದೆ ಅಲ್ಲೇ ಅಡ್ಡಾಡಿದೆ. ಹೊಸಕೋಟೆಯ ಎರಡು ಬಸ್ಸು ಎದುರಿಗೇ ಹೋದವು. ಹತ್ತಿಬಿಡಲೇ ಎನಿಸಿತು. ಅವಳ ಮುಖ ನೆನೆದು ಹಿಂದೆ ಸರಿದೆ.

ಮೂರಕ್ಕೆ ಡಬ್ಬ ಬರಿದು ಮಾಡಿದವರ ಹಿಂದೆಯೇ ಅಂಚೆ ಕಚೇರಿಗೆ ಹೋದೆ. ನನ್ನ ಕಾಗದ ತೆಗೆದುಕೊಡಿ ಎಂದಾಗ ಕೌಂಟರಿನಾಕೆ ಆಗದೆಂದು ತಲೆಯಾಡಿಸಿದರು. "ಒಂದ್ಸಲ ಹಾಕಿದ್ಮೇಲೆ ಕೈಗೆ ಕೊಡೋ ಹಾಗಿಲ್ಲ ಕಣಮ್ಮಾ."

"ಕೈಗೆ ಕೊಡ್ಬೇಡಿ ಮೇಡಂ. ನೀವೇ ಅಂಟಿಸಿ. ಇವು ಹಳೇವು, ನಡೀತವಾ?"

ಅವರು ಚೀಟಿಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಹಳೇದಾದ್ರೇನು, ನಡೆಯುತ್ತೆ. ಒಟ್ಟು ಬೆಲೆ ಸರಿಯಿದ್ರೆ ಸಾಕು." ಕಾಗದವನ್ನು ತೂಗಿ, ಅಂಟು ಸವರಿ, ವಿಳಾಸ ಮುಚ್ಚದಂತೆ ಸುತ್ತಲೂ ಚಿಕ್ಕ ಚಿಕ್ಕ ಚೀಟಿಗಳನ್ನು ಅಂಟಿಸಿದರು. "ಯಾರಿಗೆ?" ಎಂದರು. "ಅಕ್ಕಂಗೆ" ಎಂದೆ. ಅವರು ಮೊಹರು ಒತ್ತಿ ಚೀಲಕ್ಕೆ ಹಾಕಿದರು.

ಐದು ದಿನ ಹೊಲಿದದ್ದೆಲ್ಲ ಅಂಕುಡೊಂಕು. ಒಂದು ರವಿಕೆಗೆ ತೋಳನ್ನು ತಿರುವುಮುರುವಾಗಿ ಜೋಡಿಸಿ ಬಿಚ್ಚಿದೆ. ಆರನೆಯ ದಿನ ಅಕ್ಕನ ಫೋನು ಬಂತು.

"ಕಾಗದ ಬಂತು."

"ಓದಿದ್ಯಾ ಅಕ್ಕ?"

"ಒಡೆದಿಲ್ಲ. ಏನ್ ಬರ್ದಿದೀಯೋ ಬಾಯಲ್ಲಿ ಹೇಳು."

ನಾಲ್ಕು ಹಾಳೆಯ ಒಂದು ಸಾಲೂ ನೆನಪಾಗಲಿಲ್ಲ. "ತಪ್ಪಾಯ್ತಕ್ಕ. ನೀನು ಆಸ್ಪತ್ರೇಲಿದ್ದಿದ್ದು ನಂಗೊತ್ತಿರ್ಲಿಲ್ಲ."

"ಒಬ್ಳೇ ಇದ್ದಾಗ ಕೇಳಿದ್ರೆ ಹೇಳ್ತಿದ್ದೆ ಕಣೇ. ಅಷ್ಟು ಜನದ ಮುಂದೆ..." ಮಾತು ಮುಗಿಸದೆಯೇ, "ಭಾನುವಾರ ಬಾ" ಎಂದಳು.

ಹೋದೆ. ಅಡುಗೆಮನೆಯಲ್ಲಿ ಸೆರಗು ಸರಿಸಿ ಹೊಟ್ಟೆಯ ಮೇಲಿನ ಗಾಯದ ಗುರುತು ತೋರಿಸಿದಳು. ಈಗಲೂ ಭಾರ ಎತ್ತಿದರೆ ಎಳೆಯುತ್ತದಂತೆ. ಅವಳನ್ನು ಕೂರಿಸಿ, ಹೊರಗಿನ ನಲ್ಲಿಯ ಕೆಳಗೆ ತುಂಬಿದ್ದ ಕೊಡಗಳನ್ನು ಒಂದೊಂದಾಗಿ ಒಳಗೆ ತಂದಿಟ್ಟೆ.